ಒತ್ತೆ

ಬರ್ಕಾದಲ್ಲಿ ನನ್ನ ರಾತ್ರಿ ಪಾಳಿ ಮುಗಿಯುವುದು ಆರಕ್ಕೆ.
ಸಮುದ್ರದಿಂದ ಉಪ್ಪು ಕಳೆಯುವ ಕಾರ್ಖಾನೆಯ
ಸ್ಟೋರ್ ಕೀಪರ್ ನಾನು: ಪೊರೆ, ಕವಾಟ, ರಬ್ಬರಿನ ಉಂಗುರ,
ಒಳಗೆ ಬಂದದ್ದು, ಹೊರಗೆ ಹೋದದ್ದು,
ಎಲ್ಲಕ್ಕೂ ಒಂದು ಸಾಲು, ಒಂದು ಸಹಿ.

ಮಲಗುವ ಮುನ್ನ ದಿನಕ್ಕೊಂದು ಅಧ್ಯಾಯ.
ಬೆಟಗೇರಿಯಿಂದ ಹೊರಡುವಾಗ ಅವ್ವ ಕೊಟ್ಟ ಗ್ರಂಥ, ಕರಿ ರಟ್ಟು.
ನೂಲಿನ ಅಂಗಡಿಯ ಚೀಟಿಯೊಂದು ಇನ್ನೂ ಒಳಗಿದೆ,
ಆಕೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿ.
ಆ ಪುಟ ನಾನು ಮೂರು ಸಲ ದಾಟಿದ್ದೇನೆ,
ಚೀಟಿ ಕದಲಿಸಿಲ್ಲ.

ಕೆಲವು ದಿನ ಏನೂ ಸಿಗುವುದಿಲ್ಲ, ಹೇಳಿಬಿಡುತ್ತೇನೆ.
ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು;
ಗುಡಾರಕ್ಕೆ ಎಷ್ಟು ಕಂಬ, ಪರದೆಗೆ ಎಷ್ಟು ಕೊಂಡಿ.
ದೇವರಿಗೂ ಸ್ಟಾಕ್ ರಿಜಿಸ್ಟರಿನ ಹುಚ್ಚು ಇದ್ದೀತು
ಅಂದುಕೊಳ್ಳುತ್ತೇನೆ. ಕಣ್ಣೆಳೆಯುತ್ತದೆ.
ಓದಿದ್ದೇನೆ ಎಂಬುದಕ್ಕೆ ಅಂಚಿನಲ್ಲಿ ಪೆನ್ಸಿಲಿನ ಗೀಟು.

ಕೆಲವು ದಿನ ಪುಟವೇ ನನ್ನ ನೋಡಿ ನಗುತ್ತದೆ:
ಮರಳುಗಾಡಿನಲ್ಲಿ ಮೂರು ದಿನ ನಡೆದವರಿಗೆ
ಸಿಕ್ಕಿದ ನೀರು ಕಹಿ. ಮರದ ತುಂಡೊಂದನ್ನು ಎಸೆದರಂತೆ,
ಸಿಹಿಯಾಯಿತಂತೆ.
ನಮಗದಕ್ಕೆ ಅರವತ್ತು ಬಾರ್ ಒತ್ತಡ ಬೇಕು,
ಎಂಟು ಜನ ಎಂಜಿನಿಯರರು ಬೇಕು;
ಆಮೇಲೂ ಕ್ಯಾಂಪಿನ ನಲ್ಲಿಯೆದುರು ನಿಂತು
ಗೊಣಗುತ್ತೇವೆ, ಥೇಟು ಅವರ ಹಾಗೆ.

ಪಕ್ಕದ ಮಂಚದ ಇಮಾದುದ್ದೀನ್, ಭಟ್ಕಳದವನು,
ಅದೇ ಹೊತ್ತಿಗೆ ತನ್ನದನ್ನು ಓದಿ, ಮುತ್ತಿಟ್ಟು, ಎತ್ತಿಡುತ್ತಾನೆ.
"ನಿನಗಿವತ್ತು ಏನು ಬಂತು?"
ಮೆಸ್ಸಿನಲ್ಲಿ ಇವತ್ತೇನು ಪಲ್ಯ ಎಂದು ಕೇಳಿದ ಹಾಗೆ.

ಜನವರಿಯ ಒಂದು ಮುಂಜಾನೆ ಬಂದದ್ದು ಇದು:
ಸಾಲಕ್ಕೆ ಬಡವನ ಹೊದಿಕೆ ಒತ್ತೆ ಹಿಡಿದವನು
ಹೊತ್ತು ಮುಳುಗುವುದರೊಳಗೆ ಮರಳಿಸಬೇಕು.
ಇರುವುದು ಅದೊಂದೇ, ಪಾಪ,
ರಾತ್ರಿ ಏನು ಹೊದ್ದಾನು?

ಇವತ್ತಿನದು ಸುಲಭ, ಅಂದೆ ಇಮಾದನಿಗೆ.
ಯಾರ ಕಂಬಳಿಯೂ ನನ್ನ ಹತ್ತಿರ ಇಲ್ಲ.
ಇಲ್ಲಿ ಕಂಬಳಿ ಕಂಪನಿಯದು, ಪ್ರತಿಯೊಂದಕ್ಕೂ ನಂಬರಿದೆ,
ನಾನೇ ಬರೆದದ್ದು.
ಗೀಟು ಎಳೆದೆ. ದೀಪ ಆರಿಸಿದೆ.

ಮಂಚದ ಕೆಳಗೆ, ನನ್ನ ಪೆಟ್ಟಿಗೆಯೊಳಗೆ
ಏನೋ ಗುಂಯ್‌ಗುಟ್ಟಿತು.

ಮೊಫಿಜುಲನ ಫೋನು.
ಹದಿನೈದು ರಿಯಾಲ್ ಕೊಟ್ಟು, ಸ್ನೇಹ ಬೇರೆ ವ್ಯವಹಾರ ಬೇರೆ ಎಂದು
ಹತ್ತು ದಿನದ ಹಿಂದೆ ಇಟ್ಟುಕೊಂಡದ್ದು.
ಪಂಪ್‌ಹೌಸ್ ಗುಡಿಸುವವನು. ಗಾಜು ಸೀಳಿದ ಫೋನು,
ಬೆನ್ನಿಗೆ ಗಾಯದ ಪಟ್ಟಿ.
ಕೆಡದಂತೆ ಚಾರ್ಜು ಮಾಡಿಡುತ್ತೇನೆ, ಅಂದಿದ್ದೆ.
ಮಾಡಿಯೂ ಇಟ್ಟಿದ್ದೆ. ಎಂಥ ದಯೆ ನನ್ನದು!

ತೆರೆಯ ಮೇಲೆ ಬಂಗಾಳಿ ಅಕ್ಷರ, ನನಗೆ ಬಾರದು.
ಜೊತೆಗೊಂದು ಚಿತ್ರ: ಎರಡು ಜಡೆ, ಮುಂದಿನ ಹಲ್ಲಿಲ್ಲ.
ಬಡಿದು ಬಡಿದು ಸುಮ್ಮನಾಯಿತು.
ಮೂಲೆಯಲ್ಲಿ ಕೆಂಪಗೆ ಒಂದು ಲೆಕ್ಕ: ನಲವತ್ತೊಂದು.

ಹತ್ತು ರಾತ್ರಿ ಅವನು ಏನು ಹೊದ್ದು ಮಲಗಿದ್ದನೋ.

ಎದ್ದು ಓಡಿದೆ ಎಂದರೆ ಕತೆ ಚೆಂದ.
ಓಡಲಿಲ್ಲ. ಹೊತ್ತು ಮುಳುಗುವುದು ಐದೂ ಮುಕ್ಕಾಲಿಗೆ,
ಮಲಗಿ ಏಳಬಹುದು, ಎಂದು ಎಣಿಸಿದೆ.
ಧರ್ಮಕ್ಕೂ ಕಡೆಯ ತಾರೀಖು ನೋಡುವವನು ನಾನು.
ನಿದ್ದೆಯೂ ಬಂತು, ಸುಳ್ಳೇಕೆ.

ಐದಕ್ಕೆ ಹೋದಾಗ ಅವನು ಸಮುದ್ರದ ನೀರೆಳೆವ ಬಾಯಿಯಲ್ಲಿ
ಜಾಲರಿಗೆ ಕಚ್ಚಿದ ಲೋಳೆಮೀನು ಬಾಚುತ್ತಿದ್ದ.
ಹಜರ್ ಬೆಟ್ಟದ ಹಿಂದೆ ಬಿಸಿಲು ಅರ್ಧ ಇಳಿದಿತ್ತು.
ಫೋನು ಚಾಚಿದೆ. ಮಾತು ಸಿದ್ಧಮಾಡಿಕೊಂಡಿದ್ದೆ, ಬರಲಿಲ್ಲ.
ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು ತೆಗೆದುಕೊಂಡ.
ಆಮೇಲೆ, ನಾನು ಕೇಳಿರಲಿಲ್ಲ,
ಟೊಪ್ಪಿಗೆಯ ಮಡಿಕೆಯಿಂದ ಐದರ ನೋಟೊಂದು ಬಿಡಿಸಿ
ನನ್ನ ಜೇಬಿಗೆ ತುರುಕಿದ.

ಬೇಡ ಅನ್ನಲಿಲ್ಲ ನಾನು.
ಆ ಅಧ್ಯಾಯಕ್ಕೆ ಇನ್ನೂ ಬಂದಿರಲಿಲ್ಲ.